ಸೀಡಿಯ ಮೇಲೆ ಫಕೀರೇಶ ಬರೆದ ಶ್ರೀ

ಗಜೇಂದ್ರಗಡದ ಫಕೀರೇಶನ ಮನೆಗೆ ಈಗ ಹೋದರೂ ಕಪಾಟಿನ ಮೇಲೆ ದುಂಡನೆಯ ಪ್ಲಾಸ್ಟಿಕ್ ಡಬ್ಬಿಗಳು ಸಾಲಾಗಿ ಕಾಣುತ್ತವೆ. ಖಾಲಿ ಸೀಡಿಗಳು ಅಂಗಡಿಯಿಂದ ಬರುತ್ತಿದ್ದದ್ದು ಅವುಗಳಲ್ಲಿ. ಡಬ್ಬಿಯ ನಡುವೆ ನೆಟ್ಟಗೆ ಒಂದು ಕಡ್ಡಿ ಇರುತ್ತದೆ, ಸೀಡಿಗಳನ್ನು ಅದಕ್ಕೆ ಪೋಣಿಸಿರುತ್ತಿದ್ದರು. ಈಗ ಆ ಕಡ್ಡಿಗಳಿಗೆ ಫಕೀರೇಶನ ಹೆಂಡತಿ ರೂಪಾ ತನ್ನ ಬಳೆಗಳನ್ನು ಪೋಣಿಸಿದ್ದಾಳೆ. ಹೋದ ತಿಂಗಳು ನಾನು ಹೋದಾಗ ಅದನ್ನು ತೋರಿಸಿ, "ನಿಮ್ಮ ಅಣ್ಣಾರು ಗಳಿಸಿದ ಆಸ್ತಿ ನೋಡ್ರಿ ಮಾಸ್ತರ" ಎಂದು ನಕ್ಕಳು.

ಫಕೀರೇಶ ನಗಲಿಲ್ಲ. ಮೊಬೈಲಿನಲ್ಲಿ ಯಾರದೋ ಲಗ್ನದ ವಿಡಿಯೋ ನೋಡುತ್ತಿದ್ದ. "ಈ ಡ್ರೋನ್ ಹಾರಸೋ ಹುಡುಗನ್ನ ದಾದಾಪೀರ ಎಲ್ಲಿಂದ ಹಿಡಕೊಂಡ ಬಂದಾನೋ ಏನೋ. ಏನ ಐತಿ ಇದರಾಗ? ಬರೇ ಪೆಂಡಾಲಿನ ಮಾಳಗಿ ಕಾಣತೈತಿ" ಎಂದ. ಆ ದನಿ ನನಗೆ ಹೊಸದಲ್ಲ. ಗಜೇಂದ್ರಗಡದಲ್ಲಿ ಡಿಗ್ರಿ ಓದುವಷ್ಟು ಕಾಲವೂ ಅದನ್ನು ಕೇಳಿದ್ದೆ.

ನಾನು ಶಿರೋಳದವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಫಕೀರೇಶನ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದಿದ್ದೆ. ಅವನ ಪಡಸಾಲೆಗೂ ನನ್ನ ಖೋಲಿಗೂ ನಡುವೆ ಇದ್ದದ್ದು ಸರಿಯಾಗಿ ಮುಚ್ಚದ ಒಂದು ಕಟ್ಟಿಗೆಯ ಬಾಗಿಲು. ಈಚೆ ನಾನು ಅರ್ಥಶಾಸ್ತ್ರ ಓದುತ್ತಿದ್ದರೆ ಆಚೆ ಯಾರದೋ ಲಗ್ನದ ವಾಲಗ ನಡೆದಿರುತ್ತಿತ್ತು. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗಲೂ ನನ್ನ ಕಿವಿಯಲ್ಲಿ ಶಹನಾಯಿ ಊದಿದ್ದುಂಟು.

ಅವರದು ನೇಕಾರರ ಮನೆ. ತಂದೆ ತೀರಿದ ಮೇಲೆ ಮಗ್ಗವನ್ನು ಬಿಚ್ಚಿದ್ದರು, ಆದರೆ ನೆಲದಲ್ಲಿ ಮಗ್ಗದ ಕುಣಿ ಹಾಗೇ ಉಳಿದಿತ್ತು. ಫಕೀರೇಶ ಆ ಕುಣಿಯನ್ನು ಮುಚ್ಚಲಿಲ್ಲ. ಎದುರಿಗೆ ಒಂದು ಗಿಡ್ಡ ಮಣೆ ಹಾಕಿ ಅದರ ಮೇಲೆ ಕಂಪ್ಯೂಟರ್ ಇಟ್ಟ. ತಂದೆ ಕೂತಂತೆಯೇ ನೆಲದ ಅಂಚಿಗೆ ಕೂತು, ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀಡಿ ಮಾಡುತ್ತಿದ್ದ. ಸಿನಿಮಾ ಕಾಪಿ ಮಾಡಿಕೊಡು ಎಂದು ಬಂದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದ. ಲಗ್ನ, ಸೀಮಂತ, ಮನೆ ಶಾಂತಿ, ಇವಿಷ್ಟೇ ಅವನ ಕೆಲಸ.

ಚಿತ್ರ ತೆಗೆಯುವವನು ದಾದಾಪೀರ, ರೋಣದವನು. ಗಜೇಂದ್ರಗಡ, ಇಟಗಿ, ನರಗುಂದ, ಎಲ್ಲಿ ಲಗ್ನವಿದ್ದರೂ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಮೋಟರ್ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಮರುದಿನ ಅದನ್ನೆಲ್ಲ ತಂದು ಫಕೀರೇಶನ ಕಂಪ್ಯೂಟರಿಗೆ ಸುರಿಯುತ್ತಿದ್ದ. ಬೇಡಾದ್ದನ್ನು ಕತ್ತರಿಸಿ, ಗಂಡುಹೆಣ್ಣಿನ ಹೆಸರುಗಳ ಮೇಲೆ ಹೂವಿನ ಪಕಳೆ ಉದುರಿಸಿ, ಸೀಡಿಗೆ ಇಳಿಸುವುದು ಫಕೀರೇಶನ ಪಾಲು. ಸೀಡಿ ತಯಾರಾಗುವಾಗ ಕರೆಂಟ್ ಹೋದರೆ ಅದು ಸತ್ತಂತೆಯೇ. ಹಾಗಾಗಿ ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಿಕ್ಸರ್ ಹಚ್ಚುವಂತಿರಲಿಲ್ಲ, ಜೋರಾಗಿ ಮಾತಾಡುವಂತೆಯೂ ಇರಲಿಲ್ಲ. ಮಾತಿಗೂ ಕರೆಂಟಿಗೂ ಏನು ಸಂಬಂಧ ಎಂದು ರೂಪಾ ಕೇಳಿದರೆ ಅವನು ಬರೀ ಕೈ ಎತ್ತಿ ಸುಮ್ಮನಿರು ಎನ್ನುತ್ತಿದ್ದ.

ಮೊದಲ ಸೀಡಿ ಹೊರಬಂದ ಕೂಡಲೇ ಇಬ್ಬರೂ ಗೋಡೆಗೆ ಆತು ಕೂತು ಟೀವಿಯಲ್ಲಿ ನೋಡುತ್ತಿದ್ದರು. ಚಹಾ ಬರುತ್ತಿತ್ತು. ಗಂಡುಹೆಣ್ಣಿನ ಮೇಲೆ ಅಕ್ಕಿಕಾಳು ಹಾಕುವ ಹೊತ್ತಿಗೆ ಸರಿಯಾಗಿ ಯಾರೋ ಸೋದರಮಾವ ಕ್ಯಾಮರಾಕ್ಕೆ ಅಡ್ಡ ನಿಂತಿದ್ದರೆ ದಾದಾಪೀರ, "ನೋಡಲೇ ಫಕ್ಯಾ, ಇಂವನ ಬೆನ್ನಿಗೇ ಲಗ್ನ ಆಗೇತಿ" ಎನ್ನುತ್ತಿದ್ದ. ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದರು. ಆ ನಗು ಕೇಳಿದರೆ ನನಗೆ ಈಚೆಯಿಂದ ಪುಸ್ತಕ ಮುಚ್ಚಿಟ್ಟು ಹೋಗಬೇಕು ಎನಿಸುತ್ತಿತ್ತು.

ಆಮೇಲೆ ಉಳಿದ ಕಾಪಿಗಳು. ಪ್ರತಿ ಸೀಡಿಯ ಮೇಲೂ ಫಕೀರೇಶ ಮಾರ್ಕರ್ ಪೆನ್ನಿನಿಂದ ತಾನೇ ಬರೆಯುತ್ತಿದ್ದ. ಮೊದಲು ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಹೆಸರು ಬರೆದು ಪಳಗಿದ ಕೈ ಅದು. ಮೇಲೆ ದಪ್ಪನೆಯ ಒಂದು ಶ್ರೀ, ಅದರ ಕೆಳಗೆ ನಡುವಿನ ತೂತಿನ ಸುತ್ತ ಬಾಗಿಕೊಂಡು ಬರುವ ಗಂಡುಹೆಣ್ಣಿನ ಹೆಸರು. ಮುಸಲ್ಮಾನರ ಮನೆಯ ಲಗ್ನವಾದರೆ ಶ್ರೀ ಇರುವಲ್ಲಿ ಚಂದ್ರ. ದಾದಾಪೀರನಿಗೆ ಆಶಿಕ ಎಂಬ ತಮ್ಮ. "ನಮ್ಮ ಆಶಿಕನ ಲಗ್ನದ ಸೀಡಿ ಮ್ಯಾಲ ಭಾಳ ಚಂದ ಚಂದ್ರ ತಗೀಬೇಕ ನೋಡ ನೀ" ಎಂದು ದಾದಾಪೀರ ಹೇಳಿದ್ದ. ಹುಡುಗಿ ನೋಡುವುದೂ ಶುರುವಾಗಿರದ ಕಾಲಕ್ಕೇ ಹೇಳಿದ್ದ. ಫಕೀರೇಶ ಅದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡಿದ್ದ.

ದೀಪಾವಳಿಗೆ ತುಸು ಮುಂಚೆ ಪೇಟೆಯಲ್ಲಿ ಬಟ್ಟೆ ವ್ಯಾಪಾರಿಗಳ ಮಗ ಬಸವಪ್ರಸಾದ ಒಂದು ಸ್ಟುಡಿಯೋ ತೆರೆದ. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಒಂದೇ ಸಲಕ್ಕೆ ಏಳೆಂಟು ಸೀಡಿ ಹೊರಹಾಕುವ ಯಂತ್ರ. ಎಲ್ಲಕ್ಕಿಂತ ಹೆಚ್ಚಾಗಿ, ಸೀಡಿಯ ಮೇಲೆ ಗಂಡುಹೆಣ್ಣಿನ ಬಣ್ಣದ ಫೋಟೋ ಮೂಡಿಸುವ ಪ್ರಿಂಟರ್. ಮೊದಲ ಲಗ್ನದ ಸೀಡಿಗಳನ್ನು ಅಲ್ಲಿ ಮಾಡಿಸಿದಾಗ ದಾದಾಪೀರ ಬಂದು ಹೇಳಿಯೇ ಹೋದ. "ಬೀಗರು ಫೋಟೋದ್ದ ಬೇಕಂತ ಹಟಾ ಹಿಡದ್ರೋ, ಒಂದ ಸಲಾ ಅಷ್ಟ." ಎರಡನೆಯ ಸಲ ಹೇಳಲಿಲ್ಲ. ಮೂರನೆಯ ಸಲ ಬರಲೇ ಇಲ್ಲ.

ಫಕೀರೇಶನಿಗೆ ಕೆಲಸ ಹೋದದ್ದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಬಾರದಿರುವುದು. ದಾದಾಪೀರನ ಮೋಟರ್ ಸೈಕಲ್ಲಿನ ಸೈಲೆನ್ಸರ್ ಒಡೆದಿತ್ತು, ಅದರ ಸದ್ದು ಬಸ್ ಸ್ಟ್ಯಾಂಡಿನಿಂದಲೇ ಕೇಳುತ್ತಿತ್ತು. ಸದ್ದು ಬಂದ ಕೂಡಲೇ ಫಕೀರೇಶನ ಕೈ ಅಲ್ಲಲ್ಲೇ ನಿಲ್ಲುತ್ತಿತ್ತು. ನಮ್ಮ ಓಣಿಯ ಕಡೆ ತಿರುಗುತ್ತದೋ, ಪೇಟೆಯ ಕಡೆಯೋ ಎಂದು ಕಿವಿಗೊಟ್ಟು ಕೂತಿರುತ್ತಿದ್ದ. ಪೇಟೆಯ ಕಡೆ ತಿರುಗಿದರೆ ಇಲಿಯನ್ನು ಸರಿಸುವವನಂತೆ ಮೌಸನ್ನು ಪಕ್ಕಕ್ಕೆ ದೂಡಿ ಎದ್ದುಬಿಡುತ್ತಿದ್ದ.

ಸ್ಟುಡಿಯೋದ ಎದುರಿಗೆ ಹೊಲಿಗೆ ಸಾಮಾನಿನ ಅಂಗಡಿ ಇತ್ತು. ಫಕೀರೇಶ ಅಲ್ಲಿಗೆ ಗುಂಡಿ ಕೊಳ್ಳಲು ಹೋಗತೊಡಗಿದ. ಅಲ್ಲಿ ನಿಂತರೆ ಗಾಜಿನೊಳಗೆ ಯಾರು ಕೂತಿದ್ದಾರೆ ಎಂಬುದು ಕಾಣುತ್ತದೆ.

"ಮತ್ತ ಗುಂಡಿ ತಂದ್ರೇನ್ರಿ?" ಎಂದು ರೂಪಾ ಕೇಳುತ್ತಿದ್ದಳು. "ಇನ್ನ ಗುಂಡಿಗೆ ಅಂಗಿ ಹೊಲಿಸಬೇಕ ನಾವು."

"ಅಂವ ಅಲ್ಲೇ ಕುಂತಾನ. ಕಾಲ ಮ್ಯಾಲ ಕಾಲ ಹಾಕ್ಕೊಂಡು. ನಮ್ಮನ್ಯಾಗ ಎಂದರ ಹಂಗ ಕುಂತಿದ್ದನೇನ?"

"ನಮ್ಮನ್ಯಾಗ ಖುರ್ಚಿ ಇಲ್ರಿ."

"ಚಾ ಬ್ಯಾರೆ ತರಿಸ್ಯಾನ, ಹೋಟೆಲ್ಲಿಂದ. ಗಾಜಿನ ಲೋಟದಾಗ."

ರೂಪಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. "ನಿಮಗ ಸವತಿ ಬಂದಾಳ ನೋಡ್ರಿ. ಖರೇ ಹೇಳ್ತೀನಿ. ಗಂಡ ಎಲ್ಲಿ ಕುಂತ, ಏನ ಕುಡದ, ಎಷ್ಟೊತ್ತಿಗೆ ಎದ್ದ ಅಂತ ನಮ್ಮಂಥಾ ಹೆಣ್ಣಮಕ್ಕಳು ಕೇಳೂದು ಇದು."

ಬಾಗಿಲಿನ ಈಚೆ ನಾನು ನಕ್ಕದ್ದು ಅವನಿಗೆ ಕೇಳಿಸಿತು. ಆ ವಾರವೆಲ್ಲ ನನ್ನನ್ನು ಮಾತಾಡಿಸಲಿಲ್ಲ.

ಬಸವಪ್ರಸಾದನನ್ನು ಬೈಯಲು ಒಂದು ಕಾರಣವಾದರೂ ಸಿಗಲಿ ಎಂದು ಅವನು ಹುಡುಕುತ್ತಿದ್ದ. ಸಿಗುತ್ತಿರಲಿಲ್ಲ. ಹುಡುಗ ಒಳ್ಳೆಯವನು. ದಾರಿಯಲ್ಲಿ ಸಿಕ್ಕರೆ "ನಮಸ್ಕಾರ್ರಿ ಅಣ್ಣಾರ, ಒಳಗ ಬರ್ರಲ್ಲಾ" ಎಂದು ಕರೆಯುತ್ತಿದ್ದ. ಫಕೀರೇಶ "ಲಗೂ ಹೋಗಬೇಕ್ರಿ" ಎಂದು ಕೈಯಲ್ಲಿನ ಗುಂಡಿಯ ಪೊಟ್ಟಣವನ್ನು ಬಿಗಿಹಿಡಿದು ನಡೆದುಬಿಡುತ್ತಿದ್ದ. ಮನೆಗೆ ಬಂದು, "ಅಷ್ಟ ಮರ್ಯಾದಿ ಯಾಕ ಕೊಡ್ತಾನ ಅಂತೀನಿ? ಒಳಗ ಏನೋ ಇದ್ದೀತು" ಎನ್ನುತ್ತಿದ್ದ.

ಹೀಗಿರುವಾಗ ಆಶಿಕನಿಗೆ ನರಗುಂದದ ಹುಡುಗಿ ಗೊತ್ತಾಯಿತು. ರಂಜಾನ್ ಮುಗಿದ ಮೇಲೆ ಲಗ್ನ. ಸುದ್ದಿ ಬಂದದ್ದು ದಾದಾಪೀರನಿಂದಲ್ಲ, ಯಾರೋ ಬಸ್ಸಿನಲ್ಲಿ ಹೇಳಿದ್ದರು. ಫಕೀರೇಶ ಅಂದು ಸಂಜೆ ಕೆಟ್ಟುಹೋದ ಸೀಡಿಗಳ ಗಂಟನ್ನು ಬಿಚ್ಚಿ ಕೂತ. ಒಂದರ ಮೇಲೆ ಆಶಿಕ ಎಂದು ಬರೆದು ಮೇಲೆ ಚಂದ್ರ ತೆಗೆದ. ಚಂದ್ರ ಕುಡುಗೋಲಿನಂತೆ ಕಂಡಿತು. ಇನ್ನೊಂದರ ಮೇಲೆ ಬರೆದ, ಬಾಳೆಹಣ್ಣಿನಂತಾಯಿತು. ಬರೆದು ಬರೆದು ಬದಿಗಿಟ್ಟ.

"ಕೆಲಸ ಕೊಡತೀನಿ ಅಂತ ಅಂವ ಹೇಳಿಲ್ಲಲ್ರಿ" ಎಂದಳು ರೂಪಾ.

"ಹೇಳ್ಯಾನ. ಭಾಳ ಹಿಂದ ಹೇಳ್ಯಾನ."

ಆ ಸೀಡಿಗಳನ್ನು ಅವಳು ದಾರಕ್ಕೆ ಕಟ್ಟಿ ಮಾಳಿಗೆಯ ಮೇಲೆ ತೂಗಬಿಟ್ಟಳು. ಶಾವಿಗೆ ಒಣಹಾಕಿದ್ದಳು, ಗುಬ್ಬಿಗಳು ಬರದಿರಲಿ ಎಂದು. ಕೆಟ್ಟ ಸೀಡಿಗಳ ಉಪಯೋಗ ಆ ಮನೆಯಲ್ಲಿ ಮೊದಲಿನಿಂದಲೂ ಅದೇ.

ಇಟಗಿಯ ಮುದುಕವ್ವ ನಮ್ಮ ಓಣಿಗೆ ಬಂದದ್ದು ಆಮೇಲೆ, ಒಂದು ಸಂತೆಯ ದಿನ. ಇಟಗಿಯಲ್ಲಿ ಹೊಲಮನೆ ಚೆನ್ನಾಗಿರುವ ಮಹಾಲಿಂಗಪ್ಪನವರ ತಾಯಿ ಆಕೆ. ಮೊಮ್ಮಗಳು ಚಿನ್ನುವಿನ ಲಗ್ನ ಆಗಷ್ಟೇ ಆಗಿತ್ತು. ಚಿತ್ರ ತೆಗೆದವನು ದಾದಾಪೀರ, ಸೀಡಿ ಮಾಡಿದವನು ಬಸವಪ್ರಸಾದ. ಮುದುಕಿ ಕೂಸಿನ ಕುಂಚಿಗೆಯ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಎರಡು ಸೀಡಿಗಳನ್ನು ಫಕೀರೇಶನ ಮುಂದಿಟ್ಟಳು.

"ತಮ್ಮಾ, ಇದರಾಗ ನಮ್ಮ ಚಿನ್ನು ಅದಾಳಂತ. ಹೊರಗ ಬರವಲ್ಲಳು."

"ಓಡಂಗಿಲ್ಲೇನ್ರಿ ಆಯಿ?" ಫಕೀರೇಶನ ದನಿ ಒಮ್ಮೆಲೇ ಏರಿತು.

"ಒಂದ ಕೊಟ್ರು, ಓಡಲಿಲ್ಲ. ನನ್ನ ಮಗ ಆ ಫೋಟೋದಾವಗ ಬಾಯಿಗೆ ಬಂದಂಗ ಬೈದು ಇನ್ನೊಂದ ತಂದ. ಅದೂ ಓಡಲಿಲ್ಲ. ನಮ್ಮ ದೊಡ್ಡಾಕಿ ಲಗ್ನದ್ದು ನೀ ಮಾಡಿಕೊಟ್ಟಿದ್ದೆಲ್ಲ, ಅದು ಇವತ್ತಿಗೂ ಓಡತೈತಿ ನೋಡಪಾ."

ಫಕೀರೇಶನ ಮುಖ ಅರಳಿದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಹಬ್ಬದ ದಿನವೂ ಆ ಮುಖ ಹಾಗೆ ಅರಳಿದ್ದನ್ನು ನೋಡಿರಲಿಲ್ಲ. "ರೂಪಾ, ಆಯಿಗೆ ಚಾ ಇಡು. ಸಕ್ಕರಿ ಜಾಸ್ತಿ ಹಾಕು" ಎಂದು ಕೂಗಿದ. ಸೀಡಿಯನ್ನು ಬೆಳಕಿಗೆ ಹಿಡಿದು, "ಮಾಲ ಹಗರದ್ದ ಇರಬೇಕು. ಎಂಟ ಎಂಟ ಒಮ್ಮೆ ತಗದ್ರ ಹಿಂಗ ಆಗತೈತಿ" ಎಂದ. ಮತ್ತೂ ಓರೆ ಮಾಡಿ ನೋಡಿದ. ಹೊಳೆಯುವ ಬದಿ ಮಬ್ಬಾಗಿತ್ತು. ನಡುವಿನ ತೂತಿನ ಅಂಚಿಗೆ ಕೆಂಪಗೆ ಏನೋ ಕೂತಿತ್ತು. ಬೆರಳಿನಿಂದ ತೆಗೆದು ಮೂಸಿದ.

"ಇದಕ್ಕೇನ ಹಚ್ಚಿದ್ರಿ ಆಯಿ?"

"ಏನ ಹಚ್ಚತಾರ? ಅರಿಷಿಣ ಕುಂಕುಮ. ಲಗ್ನ ಮನಿಗೆ ಬಂದಂಗಲ್ಲೇನ ಅದು? ಜಗಲಿ ಮ್ಯಾಲಿಟ್ಟು ಪೂಜಿ ಮಾಡಿ, ಕಾಯಿ ಒಡದು, ಆಮ್ಯಾಲ ಟೀವಿಗೆ ಹಾಕಿದ್ವಿ. ಹಾಕೂ ಮುಂದ ಸೆರಗಲೇ ಗಸಗಸಾ ಒರಸೀನಿ ಮತ್ತ."

"ಹೊಳಿಯೂ ಬದಿಗ್ಯಾಕ ಹಚ್ಚಿದ್ರಿ? ಎಲ್ಲಾ ಇರೂದು ಆ ಬದಿಗೇರಿ."

ಮುದುಕಿ ಸೀಡಿಯನ್ನು ತಿರುಗಿಸಿ ತೋರಿಸಿದಳು. ಚಿನ್ನು, ಅವಳ ಗಂಡ, ಇಬ್ಬರೂ ಬಾಸಿಂಗ ಕಟ್ಟಿಕೊಂಡು ನಗುತ್ತಿದ್ದರು. "ಈ ಕಡಿ ಹುಡುಗಿ ಫೋಟೋ ಐತಲ್ಲೋ ಎಪ್ಪಾ! ಬಾಳಿ ಬದುಕೋ ಮಕ್ಕಳ ಫೋಟೋಕ್ಕ ಕುಂಕುಮ ಹಚ್ಚಿ ಪೂಜಿ ಮಾಡತಾರೇನ? ಅದು ಸತ್ತವರಿಗೆ ಮಾಡೂದು. ಅದಕ್ಕ ಬೋರಲ ಹಾಕಿ ಈ ಕಡಿ ಹಚ್ಚೀನಿ."

"ಮತ್ತ ನಾ ಕೊಟ್ಟಿದ್ದಕ್ಕ?"

"ಅದರ ಮ್ಯಾಲ ನೀ ದೊಡ್ಡ ಶ್ರೀ ಬರದಿದ್ದೆಲ್ಲ, ಅದಕ್ಕ ಹಚ್ಚಿದ್ದೆ. ಈಗೂ ಹಂಗ ಐತಿ ಕೆಂಪಗ."

ಫಕೀರೇಶ ಸೀಡಿಯನ್ನು ಮತ್ತೊಮ್ಮೆ ಎರಡೂ ಬದಿಗೆ ತಿರುಗಿಸಿ ನೋಡಿದ. ಅವನ ಸೀಡಿಗಳು ಇಷ್ಟು ವರ್ಷ ಕೆಡದೆ ಉಳಿದದ್ದರ ಗುಟ್ಟು ಅವನಿಗೂ ಅದೇ ಆಗ ತಿಳಿದದ್ದು. ಬಸವಪ್ರಸಾದನ ಸೀಡಿಯಲ್ಲಿ ಯಾವ ದೋಷವೂ ಇಲ್ಲ ಎಂಬುದೂ ಅದರ ಜೊತೆಗೇ ತಿಳಿಯಿತು.

ಬಟ್ಟಲಲ್ಲಿ ನೀರು ತರಿಸಿ ಎರಡನೆಯ ಸೀಡಿಯನ್ನು ತೊಳೆದ. ತಂದೆ ನೇಯ್ದ ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ, ನಡುವಿನಿಂದ ಅಂಚಿಗೆ, ನವಿರಾಗಿ ಒರೆಸಿ ಹಾಕಿದ. ಕಂಪ್ಯೂಟರ್ ತುಸು ಗುರುಗುಟ್ಟಿ ಆಮೇಲೆ ತೆರೆದುಕೊಂಡಿತು. ಮೊದಲು ಬಂದದ್ದು ಚಿನ್ನು ಅಲ್ಲ. ಒಂದು ಬಂಗಾರ ಬಣ್ಣದ ಹೂಮಾಲೆ ಸುತ್ತಿಕೊಂಡು ಬಂತು, ಅದರೊಳಗೆ ಅಕ್ಕಪಕ್ಕ ಎರಡು ಹೆಸರು ಮಿನುಗಿದವು. ಬಸವಪ್ರಸಾದ, ದಾದಾಪೀರ.

"ಅಯ್ಯ, ಇವರಿಬ್ಬರದೇ ಲಗ್ನ ಆದಂಗ ಐತಲ್ರಿ" ಎಂದಳು ಚಹಾ ಹಿಡಿದು ಬಂದ ರೂಪಾ.

ಫಕೀರೇಶ ಅವಳ ಕಡೆ ನೋಡಲಿಲ್ಲ. ಇಷ್ಟು ವರ್ಷದಲ್ಲಿ ಅವನು ಎಷ್ಟೋ ಹೆಸರುಗಳ ಮೇಲೆ ಪಕಳೆ ಉದುರಿಸಿದ್ದ. ತನ್ನ ಮತ್ತು ದಾದಾಪೀರನ ಹೆಸರನ್ನು ಹೀಗೆ ಮಾಲೆಯೊಳಗೆ ಕೂಡಿಸಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಮುದುಕವ್ವ "ಬಂದ್ಲು, ಬಂದ್ಲು" ಎಂದು ಎದ್ದು ನಿಂತಳು. ಪರದೆಯ ತುಂಬ ಅಕ್ಕಿಕಾಳು, ಅದರ ನಡುವೆ ತಲೆ ತಗ್ಗಿಸಿದ ಚಿನ್ನು. ಮುದುಕಿ ಎರಡೂ ಕೈಯಿಂದ ನೆಟಿಕೆ ಮುರಿದಳು. ಆಮೇಲೆ ಅಳುಕಿನಿಂದ ಕೇಳಿದಳು. "ಹಂಗಾದ್ರ ತಪ್ಪು ಯಾರದು ತಮ್ಮಾ? ನಂದ?"

"ನಿಮ್ಮದಲ್ಲರಿ ಆಯಿ" ಎಂದ ಫಕೀರೇಶ. ಮಾಲೆಯೊಳಗಿನ ಆ ಎರಡು ಹೆಸರು ಇನ್ನೂ ಅವನ ಕಣ್ಣಲ್ಲಿದ್ದವು. "ಫೋಟೋ ಹಾಕಿದವರದು."

ಮುದುಕಿ ಆ ಮಾತನ್ನು ಸೀಡಿಯ ಜೊತೆಗೇ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದಳು. ಹೋಗುವ ಬಸ್ಸಿನಲ್ಲೇ ಬಿಚ್ಚಿದ್ದಳೆಂದು ಕಾಣುತ್ತದೆ. ಫೋಟೋ ಸೀಡಿಗೆ ಪೂಜೆ ಮಾಡಲು ಬರುವುದಿಲ್ಲ, ಮಾಡಿದರೆ ಓಡುವುದಿಲ್ಲ ಎಂಬ ಮಾತು ಊರಿಂದೂರಿಗೆ ಹೋಯಿತು. ಹೋಗುತ್ತ ಹೋಗುತ್ತ ಅದಕ್ಕೆ ಕೈಕಾಲು ಮೂಡಿ, ಫೋಟೋ ಸೀಡಿ ಮನೆಗೆ ಒಳ್ಳೆಯದಲ್ಲ ಎಂದಾಯಿತು. ಜನ ದಾದಾಪೀರನಿಗೆ, "ಫೋಟೋದ್ದ ಬ್ಯಾಡಪಾ, ಆ ಶ್ರೀ ಬರದದ್ದ ಮಾಡಿಸಿ ಕೊಡು" ಎನ್ನತೊಡಗಿದರು.

ಒಂದು ಮಧ್ಯಾಹ್ನ ಸೈಲೆನ್ಸರಿನ ಸದ್ದು ಬಸ್ ಸ್ಟ್ಯಾಂಡಿನಿಂದ ಬಂತು, ನಮ್ಮ ಓಣಿಗೆ ತಿರುಗಿತು. ಫಕೀರೇಶ ಕುಣಿಯಿಂದ ಮೇಲೆದ್ದು, ಅಂಗಿಯ ಗುಂಡಿ ಹಾಕಿಕೊಂಡು, ಮತ್ತೆ ಕೂತು, ಕೆಲಸದಲ್ಲಿ ಮುಳುಗಿದವನಂತೆ ಕಂಪ್ಯೂಟರ್ ನೋಡತೊಡಗಿದ. ಕಂಪ್ಯೂಟರ್ ಹಚ್ಚಿರಲಿಲ್ಲ.

ದಾದಾಪೀರ ಗಾಡಿಯಿಂದ ಇಳಿಯಲಿಲ್ಲ. ಎಂಜಿನ್ ಬಂದ್ ಮಾಡಲಿಲ್ಲ. ಕಿಟಕಿಯ ಸರಳಿನ ನಡುವೆ ಒಂದು ಚೀಲ ಚಾಚಿದ. "ಎರಡ ಲಗ್ನದ್ದ ಐತಿ. ಶ್ರೀ ಬರದ ಕೊಡಬೇಕಂತ."

"ಒಳಗ ಬಾ. ಚಾ..."

"ಒಲ್ಲೆ. ಮಹಾಲಿಂಗಪ್ಪ ನನ್ನ ಸಂತ್ಯಾಗ ನಿಲ್ಲಿಸಿ ಬೈದ್ರು. ಬಸವಪ್ರಸಾದನ ಸೀಡಿಯೊಳಗ ಏನೂ ಕೆಟ್ಟಿರಲಿಲ್ಲಂತ ನಿನಗ ಗೊತ್ತಿತ್ತು."

"ಸುಳ್ಳ ಹೇಳಿಲ್ಲ ನಾ. ಫೋಟೋ ಇಲ್ಲಂದಿದ್ರ ಆಕಿ ತಿರುವಿ ಹಚ್ಚತಿದ್ದಿಲ್ಲ."

"ಹೌದೋ, ಸುಳ್ಳ ಹೇಳಿಲ್ಲ. ಆದ್ರ ಮುದುಕಿಗೆ ಹೇಳೂ ಮುಂಚೆ ನನಗ ಹೇಳಬಹುದಿತ್ತಲ್ಲ? ಒಂದ ಫೋನು."

ಫಕೀರೇಶ ಚೀಲವನ್ನು ಸರಳಿನ ಒಳಗೆ ಎಳೆದುಕೊಂಡ. ಕೇಳಬಾರದ್ದನ್ನು ಕೇಳಿಬಿಟ್ಟ. "ಆಶಿಕನ ಲಗ್ನದ್ದು?"

ದಾದಾಪೀರ ಎಕ್ಸಿಲರೇಟರ್ ತಿರುವಿದ. "ನಮ್ಮನ್ಯಾಗ ಕುಂಕುಮ ಹಚ್ಚಂಗಿಲ್ಲಲ್ಲೋ. ಫೋಟೋದ್ದ ಮಾಡಸ್ತೀನಿ."

ಅಂದು ರೂಪಾ ಗಂಡನನ್ನು ಅಣಕಿಸಲಿಲ್ಲ. ಊಟಕ್ಕೆ ಕರೆದಳು, ಅವನು ಬರಲಿಲ್ಲ, ತಾಟು ಮುಚ್ಚಿಟ್ಟಳು.

ಶ್ರೀ ಬರೆಯುವ ಕೆಲಸವೂ ಬಹಳ ದಿನ ಉಳಿಯಲಿಲ್ಲ. ಬಸವಪ್ರಸಾದ ಜಾಣ. ಫೋಟೋವನ್ನು ತುಸು ಕೆಳಗೆ ಸರಿಸಿ ಮೇಲ್ಗಡೆ ಬಿಳಿಯ ಜಾಗ ಬಿಟ್ಟು ಅಲ್ಲೊಂದು ಶ್ರೀ ಮೂಡಿಸಿದ. ಪೂಜೆ ಇಲ್ಲಿ ಎಂಬಂತೆ ಸುತ್ತ ಒಂದು ಕೆಂಪು ಗೆರೆ. ಎಲ್ಲರೂ ಒಪ್ಪಿದರು. ಫಕೀರೇಶ ಅಂಥದೊಂದನ್ನು ಯಾರಿಂದಲೋ ಕಡ ತಂದು ತನ್ನ ಸೀಡಿಯ ಪಕ್ಕ ಇಟ್ಟು ನನ್ನನ್ನು ಕರೆದ. "ನೀ ಕಲತಾಂವ ಅದಿ, ಖರೇ ಹೇಳು. ಯಾವ ಶ್ರೀ ಚಲೋ ಐತಿ?" ನಿಮ್ಮದೇ ಅಣ್ಣಾರ, ಎಂದೆ. ಅದು ನಿಜವೂ ಆಗಿತ್ತು. "ಮತ್ತ ಅಂವಂದ್ಯಾಕ ಎಲ್ಲಾರಿಗೂ ಬೇಕು?" ಎಂದ. ನಾನು ಓದಿದ್ದ ಅರ್ಥಶಾಸ್ತ್ರದಲ್ಲಿ ಅದಕ್ಕೆ ಉತ್ತರವಿತ್ತು. ಆದರೆ ಆ ಮುಖ ನೋಡಿ ಹೇಳುವ ಮನಸ್ಸಾಗಲಿಲ್ಲ.

ಆಶಿಕನ ಲಗ್ನದ ದಾವತ್ತಿಗೆ ಕರೆ ಬಂತು. ದಾದಾಪೀರನ ತಾಯಿ ರಸೂಲಬಿ ಮನೆಯವರೆಗೆ ಬಂದು ರೂಪಾಳ ಕೈ ಹಿಡಿದು ಕರೆದು ಹೋಗಿದ್ದಳು, ಹೋಗದೆ ಇರುವಂತಿರಲಿಲ್ಲ. ನಾನೂ ಹೋದೆ. ರೋಣದಲ್ಲಿ ಪೆಂಡಾಲಿನ ಒಂದು ಬದಿಗೆ ನಮ್ಮಂಥ ಶಾಕಾಹಾರಿಗಳಿಗೆ ಬೇರೆ ಅಡುಗೆ, ಬೇರೆ ಪಂಕ್ತಿ ಮಾಡಿದ್ದರು. ನಾವು ಬರುವ ಹೊತ್ತಿಗೆ ಈಚಿನ ಸಾಲಿನಲ್ಲಿ ಒಂದೇ ಎಲೆ ಖಾಲಿ ಇತ್ತು, ಅದರ ಪಕ್ಕದ ಎಲೆಯ ಮುಂದೆ ಬಸವಪ್ರಸಾದ. "ಬರ್ರಿ ಅಣ್ಣಾರ, ನಿಮ್ಮ ಸಲುವಾಗೇ ಹಿಡದೀನಿ" ಎಂದು ಅವನು ಸರಿದು ಕೂತ. ಫಕೀರೇಶ ಕೂತ. ನನಗೂ ರೂಪಾಳಿಗೂ ಎದುರಿನ ಸಾಲಿನಲ್ಲಿ ಜಾಗ ಸಿಕ್ಕಿತು.

ದಾದಾಪೀರನ ಸೋದರಮಾವ ಮೋದಿನಸಾಬರು ಜಿಲೇಬಿಯ ಬುಟ್ಟಿ ಹಿಡಿದು ಬಂದರು. ಬಸವಪ್ರಸಾದನ ಎಲೆಗೆ ಎರಡು ಬಿದ್ದವು, ಫಕೀರೇಶನ ಎಲೆಗೆ ಒಂದು. ಬೇಕೆಂದು ಮಾಡಿದ್ದಲ್ಲ, ಬುಟ್ಟಿ ತಳ ಕಂಡಿತ್ತು. ಫಕೀರೇಶ ಪಕ್ಕದ ಎಲೆ ನೋಡಿದ. ತನ್ನ ಎಲೆ ನೋಡಿದ. ಮತ್ತೆ ಪಕ್ಕದ ಎಲೆ ನೋಡಿದ. ಆಗ ಪಂಕ್ತಿಯುದ್ದಕ್ಕೂ ಕ್ಯಾಮರಾ ಹಿಡಿದು ಬರುತ್ತಿದ್ದ ದಾದಾಪೀರ ಅಲ್ಲಿ ಒಂದು ಗಳಿಗೆ ನಿಂತ.

ಲಗ್ನವಾಗಿ ಕೆಲವು ದಿನಕ್ಕೆ ಸೈಲೆನ್ಸರಿನ ಸದ್ದು ಮತ್ತೆ ಓಣಿಗೆ ಬಂತು. ಎಂಜಿನ್ ಚಾಲೂ ಇಟ್ಟುಕೊಂಡೇ ದಾದಾಪೀರ ಕೂಗಿದ. "ಅವ್ವ ಕಳಿಸ್ಯಾಳ. ಲಗ್ನದ ಸೀಡಿ. ತಗೋ ಲಗೂ."

ಫಕೀರೇಶ ಹೊರಗೆ ಬಂದು ಕೈ ಚಾಚಿ ನಿಂತ. ಸೀಡಿ ಅವನ ಕೈಗೆ ಬರಲಿಲ್ಲ. ದಾದಾಪೀರ ತಲೆಯೆತ್ತಿ ಮಾಳಿಗೆ ನೋಡುತ್ತಿದ್ದ. ಅಲ್ಲಿ ರೂಪಾ ಕಟ್ಟಿದ್ದ ಸೀಡಿಗಳು ಗಾಳಿಗೆ ತಿರುಗುತ್ತಿದ್ದವು. ಒಮ್ಮೆ ಹೊಳಪು, ಒಮ್ಮೆ ಅಕ್ಷರ. ಆಶಿಕ. ಕುಡುಗೋಲಿನಂಥ ಚಂದ್ರ. ಆಶಿಕ. ಬಾಳೆಹಣ್ಣಿನಂಥ ಚಂದ್ರ. ಕೊನೆಗೆ ಕಟ್ಟಿದ್ದರಲ್ಲಿ ತೆಳ್ಳಗೆ ಬಾಗಿದ, ನಿಜಕ್ಕೂ ಚಂದದ ಒಂದು ಚಂದ್ರ.

"ಇವನ್ನೆಲ್ಲಾ ಯಾವಾಗ ಬರದಿ?"

"ಲಗ್ನ ಗೊತ್ತಾದಾಗ."

"ನಾ ಹೇಳಲಾರದನ?"

"ನೀ ಹೇಳಿದ್ದಿ, ಭಾಳ ಹಿಂದ" ಎಂದ ಫಕೀರೇಶ, ಬೇರೆ ಕಡೆ ನೋಡುತ್ತ.

ದಾದಾಪೀರ ಎಂಜಿನ್ ಬಂದ್ ಮಾಡಿದ. ಓಣಿ ಒಮ್ಮೆಲೇ ಸುಮ್ಮನಾಯಿತು. ಒಳಗಿನಿಂದ ರೂಪಾ ಯಾರೂ ಹೇಳುವ ಮೊದಲೇ ಚಹಾಕ್ಕೆ ಇಟ್ಟ ಸದ್ದು ಕೇಳಿಸಿತು.

ಇಬ್ಬರೂ ಗೋಡೆಗೆ ಆತು ಕೂತು ಸೀಡಿ ಹಾಕಿದರು. ನನ್ನನ್ನೂ ಕರೆದರು. ಬಂಗಾರದ ಮಾಲೆ ಬಂದಾಗ ಫಕೀರೇಶ ಕೆಮ್ಮಿದ. ನಿಕಾಹ ಆಯಿತು, ಪಂಕ್ತಿ ಬಂತು. ಪರದೆಯ ಮೇಲೆ ಫಕೀರೇಶ ಪಕ್ಕದ ಎಲೆ ನೋಡಿದ, ತನ್ನ ಎಲೆ ನೋಡಿದ, ಮತ್ತೆ ಪಕ್ಕದ ಎಲೆ ನೋಡಿದ. ಕ್ಯಾಮರಾ ಕದಲದೆ ನಿಂತಿತ್ತು. ಬಸವಪ್ರಸಾದ ಏನೂ ಅರಿಯದೆ ಜಿಲೇಬಿ ತಿನ್ನುತ್ತಿದ್ದ.

"ಅಯ್ಯಯ್ಯ, ಮಾರಿ ನೋಡ್ರಿ! ಬೇವಿನ ಕಷಾಯ ಕುಡದಂಗ ಐತಿ" ಎಂದು ರೂಪಾ ಸೆರಗು ಬಾಯಿಗೆ ಹಿಡಿದಳು.

"ಇದನ್ನ ಕತ್ತರಸಬೇಕಾಗಿತ್ತು" ಎಂದ ಫಕೀರೇಶ.

"ಬಸವಪ್ರಸಾದನೂ ಹಂಗ ಅಂದ, ಅಣ್ಣಾರಿಗೆ ಬ್ಯಾಸರ ಆದೀತು ಅಂತ. ನಾನ ಬ್ಯಾಡಂದೆ. ಇರಲಿ ಬಿಡೋ. ಅಷ್ಟ ಮಂದ್ಯಾಗ ನನ್ನ ಸಲುವಾಗಿ ಹೊಟ್ಟಿ ಉರಕೊಂಡಾಂವ ಇಂವ ಒಬ್ಬನ." ದಾದಾಪೀರ ಮೊದಲು ನಕ್ಕ. ಆಮೇಲೆ ಫಕೀರೇಶನಿಗೂ ತಡೆಯಲಾಗಲಿಲ್ಲ. ನಾನು ಬಾಗಿಲಿನ ಈಚೆಯಿಂದ ಕೇಳುತ್ತಿದ್ದ ಹಳೆಯ ನಗು ಅದೇ.

ಹೊರಡುವಾಗ ದಾದಾಪೀರ ಮಾಳಿಗೆ ಹತ್ತಿ ಆ ಒಳ್ಳೆಯ ಚಂದ್ರದ ಸೀಡಿಯನ್ನು ಬಿಚ್ಚಿಕೊಂಡು ಬಂದ. "ಅವ್ವಗ ತೋರಸ್ತೀನಿ."

"ಅದು ಕೆಟ್ಟ ಸೀಡಿ. ಓಡಂಗಿಲ್ಲ."

"ಇರಲ್ಯಾಕ. ಓಡಾಕ ಬಸವಪ್ರಸಾದಂದ ಐತಲ್ಲ."

ಫಕೀರೇಶನ ಮುಖ ಮತ್ತೆ ಪಂಕ್ತಿಯಲ್ಲಿ ಕೂತ ಮುಖವಾಯಿತು. ಆ ಸೀಡಿಯನ್ನು ದಾದಾಪೀರನ ಕೈಯಿಂದ ಕಸಿದುಕೊಂಡ. "ಕುಂದರ ಇಲ್ಲೇ" ಎಂದು ಕುಣಿಯಲ್ಲಿ ಕಾಲು ಇಳಿಬಿಟ್ಟು, ಹೊಸ ಸೀಡಿಯೊಂದನ್ನು ಡಬ್ಬಿಯಿಂದ ತೆಗೆದು ಕಂಪ್ಯೂಟರಿಗೆ ಹಾಕಿದ. ಲಗ್ನದ ಕಾಪಿ ಅದಕ್ಕೆ ಇಳಿಯುವವರೆಗೆ ಯಾರೂ ಮಾತಾಡುವಂತಿರಲಿಲ್ಲ. ನಾವು ನಾಲ್ವರೂ ಕರೆಂಟಿಗೆ ಹೆದರಿದವರಂತೆ ಸುಮ್ಮನೆ ಕೂತೆವು. ಸೀಡಿ ಹೊರಬಂದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಹಿಡಿದು ಚಂದ್ರ ತೆಗೆದ. ಅದರ ಕೆಳಗೆ ಆಶಿಕನ ಹೆಸರು, ಹೆಣ್ಣಿನ ಹೆಸರು.

ಒಣಗಲಿ ಎಂದು ಊದುತ್ತ ಊದುತ್ತ ಕೇಳಿದ. "ಆ ಬಸವಪ್ರಸಾದ ಚಾಕ್ಕ ಏಲಕ್ಕಿ ಹಾಕಸ್ತಾನೇನ?"